ಹದಿನಾರರಲ್ಲಿ ಎರಡು ಕಳೆದರೆ

ಕಳೆದ ಏಪ್ರಿಲ್‌ನಲ್ಲಿ ಒಂದು ಸಂಜೆ ಒಂಬತ್ತನೇ ತರಗತಿಯ ಪೇಪರ್ ತಿದ್ದುತ್ತ ಕೂತಿದ್ದೆ. ತಮ್ಮನ ಫೋನ್ ಬಂತು.

"ಅಕ್ಕಾ, ಮುಧೋಳ ಕಡೆ ಒಂದ್ ಹ್ಯಾರೋ ಮಾರಾಕ ಐತಿ. ಹದಿನಾರ ಪ್ಲೇಟಿಂದು. ನಲವತ್ತ ಸಾವಿರ ಅಂತಾನ. ಹೊಸಾದು ತಗೋತೀನಂದ್ರ ಇದರ ಎರಡ ಪಟ್ಟ ಆಗತೈತಿ."

"ನಿನ್ನ ಗಾಡಿ ಎಳೀತೈತೇನು?"

"ಮಾರಾವ ಎಳೀತೈತಿ ಅಂದಾನ."

ಮಾರುವವನು ಇನ್ನೇನು ಹೇಳುತ್ತಾನೆ? ಹ್ಯಾರೋ ಅಂದರೆ ದುಂಡನೆಯ ಪ್ಲೇಟುಗಳನ್ನು ಸಾಲಾಗಿ ಪೋಣಿಸಿದ, ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಹೊಲ ಹೊಡೆಯುವ ಸಾಮಾನು. ಗಾಡಿ ಅಂದದ್ದು ನಮ್ಮ ಟ್ರ್ಯಾಕ್ಟರಿಗೆ.

ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಹೊಲ ತಾಳಿಕೋಟೆ ಕಡೆ, ಡೋಣಿ ಹೊಳೆಯ ಸಾಲಿನಲ್ಲಿದೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಅನ್ನುತ್ತಾರಲ್ಲ, ಅದೇ ಡೋಣಿ. ಅಪ್ಪ ಹೋದ ಮೇಲೆ 18 ಎಕರೆಯನ್ನೂ ತಮ್ಮನೇ ಮಾಡುತ್ತಾನೆ. ನನ್ನ ಪಾಲಿಗೆ ಬಂದದ್ದು ಲೆಕ್ಕ. ಬೀಜದ್ದು, ಡೀಸೆಲ್‌ದು, ಸೊಸೈಟಿ ಸಾಲದ್ದು. ಏನಾದರೂ ಕೊಳ್ಳಬೇಕಾದರೆ ಅವನು ನನಗೊಂದು ಮಾತು ಕೇಳುತ್ತಾನೆ. ಕೇಳುವ ಹೊತ್ತಿಗೆ ಮನಸ್ಸಿನಲ್ಲಿ ಕೊಂಡಾಗಿರುತ್ತದೆ, ಅದು ಬೇರೆ ಮಾತು.

ಹ್ಯಾರೋ ಬೇಕಾಗಿದ್ದಂತೂ ನಿಜ. ತೊಗರಿ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಕೂಳೆ ಗೂಟ ಹೊಡೆದ ಹಾಗೆ ನಿಂತಿರುತ್ತದೆ. ಕಲ್ಟಿವೇಟರ್ ಹಲ್ಲಿಗೆ ಸಿಕ್ಕಿಕೊಂಡು ಕಸದ ಗುಡ್ಡೆಯಾಗಿ ಹಿಂದೆ ಬರುತ್ತದೆ. ಹ್ಯಾರೋ ಆದರೆ ಅದನ್ನು ಕತ್ತರಿಸಿ ಮಣ್ಣಿಗೆ ಸೇರಿಸುತ್ತದೆ, ಜೊತೆಗೆ ಹೆಂಟೆಯನ್ನೂ ಒಡೆಯುತ್ತದೆ. ಬಾಡಿಗೆಗೆ ತರಿಸಬಹುದು, ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲೂ ಕೇಳಬಹುದು. ಆದರೆ ಹೊಲಕ್ಕೆ ಹದ ಬಂದ ದಿನ ಊರಿನವರಿಗೆಲ್ಲ ಅದೇ ದಿನ ಬೇಕು. ನಮ್ಮ ಸರದಿ ಬರುವಷ್ಟರಲ್ಲಿ ಎರಿ ಭೂಮಿ, ಅಂದರೆ ನಮ್ಮ ಕಪ್ಪು ಮಣ್ಣು, ಕಲ್ಲಾಗಿರುತ್ತದೆ.

ಒಂದು ಭಾನುವಾರ ಮೂವರು ಹೊರಟೆವು. ನಾನು, ತಮ್ಮ, ಮತ್ತೆ ತಾಳಿಕೋಟೆಯ ಮಿಸ್ತ್ರಿ ಕಾಕಾ. ಕಾಕಾ ಮೂವತ್ತು ವರ್ಷ ಟ್ರ್ಯಾಕ್ಟರ್ ಬಿಚ್ಚಿ ಕಟ್ಟಿದವರು. ಈಗ ಕಣ್ಣು ಮಂಜು, ಕೈ ಮಾತ್ರ ಇನ್ನೂ ಚುರುಕು. ಆಲಮಟ್ಟಿ ದಾಟಿ, ಬಾಗಲಕೋಟೆ ಮೇಲೆ ಹೋದೆವು. ಕಲಾದಗಿಯಲ್ಲಿ ಚಿಕ್ಕು ಕೊಂಡೆವು, ಕಲಾದಗಿಗೆ ಹೋಗಿ ಚಿಕ್ಕು ತರದೆ ಬಂದರೆ ಅವ್ವ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮುಧೋಳ ಹತ್ತಿರ ಬಂದ ಹಾಗೆ ಎರಡೂ ಕಡೆ ಕಬ್ಬು. ಘಟಪ್ರಭೆಯ ನೀರು. ರಸ್ತೆ ಬದಿಗೆ ನಿಂತ ಟ್ರ್ಯಾಕ್ಟರುಗಳು ನಮ್ಮೂರಿನವಕ್ಕಿಂತ ಒಂದು ಕೈ ದೊಡ್ಡವು. ಎರಡೆರಡು ಟ್ರೇಲರ್ ಕಬ್ಬು ಕಟ್ಟಿಕೊಂಡು ಫ್ಯಾಕ್ಟರಿಗೆ ಎಳೆಯುವ ಗಾಡಿಗಳು, 50 ಎಚ್‌ಪಿ ಮೇಲಿನವು.

ಅಲ್ಲೇ ನನಗೆ ತಿಳಿಯಬೇಕಿತ್ತು. ಹಳೆಯ ಸಾಮಾನು ಮೊದಲ ಮಾಲೀಕನ ಗಾಡಿಯ ಅಳತೆಗೆ ಇರುತ್ತದೆ. ಚಿಕ್ಕಪ್ಪನ ಅಂಗಿ ಹುಡುಗನಿಗೆ ತೊಡಿಸಿದ ಹಾಗೆ, ಅಂಗಿ ಒಳ್ಳೆಯದೇ, ತೋಳು ಮಾತ್ರ ಮೊಣಕಾಲಿಗೆ ಬರುತ್ತದೆ.

ಕಾಕಾ ನೋಡಿದ ರೀತಿಯನ್ನು ಸ್ವಲ್ಪ ಹೇಳಬೇಕು. ಹ್ಯಾರೋ ಬೇವಿನ ಗಿಡದ ಕೆಳಗೆ ನಿಂತಿತ್ತು. ಎರಡು ಸಾಲು, ಒಂದೊಂದರಲ್ಲಿ ಎಂಟು ಪ್ಲೇಟು. ಮುಂದಿನ ಸಾಲಿನವಕ್ಕೆ ಅಂಚಿನಲ್ಲಿ ಕಚ್ಚು, ಹಿಂದಿನವು ಸಾದಾ. ಮುಂದಿನ ಸಾಲು ಮಣ್ಣನ್ನು ಒಂದು ಕಡೆ ಎಸೆದರೆ ಹಿಂದಿನದು ಅದನ್ನು ತಿರುಗಿ ಈ ಕಡೆ ಎಸೆಯುತ್ತದೆ. ಕಾಕಾ ಮೊದಲು ಟೇಪ್ ಹಿಡಿದರು. ಹೊಸದಿದ್ದಾಗ 22 ಇಂಚು ಇರುವ ಪ್ಲೇಟು, ಮುಂದಿನವು ಸವೆದು 20 ಮುಕ್ಕಾಲಿಗೆ ಬಂದಿದ್ದವು, ಹಿಂದಿನವು 21. "ನಡೀತೈತಿ" ಅಂದರು. ಸವೆದ ಹಾಗೆ ಪ್ಲೇಟು ಕಿರಿದಾಗುತ್ತದೆ, ನೆಲದೊಳಗೆ ಇಳಿಯುವ ಆಳವೂ ಕಡಿಮೆಯಾಗುತ್ತದೆ. ಒಂದೂಕಾಲು ಇಂಚಿಗೆ ಅಡ್ಡಿಯಿಲ್ಲ, ಮೂರು ನಾಲ್ಕು ಇಂಚು ಹೋಗಿದ್ದರೆ ಎಲ್ಲವನ್ನೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಆಮೇಲೆ ಸ್ಪ್ಯಾನರ್ ತಗೊಂಡು ಒಂದೊಂದೇ ಪ್ಲೇಟಿಗೆ ಮೆಲ್ಲಗೆ ಬಡಿಯುತ್ತ ಹೋದರು. ಟಣ್. ಟಣ್. ಟಣ್. ಐದನೆಯದು ಟಪ್ ಅಂದಿತು. ಮತ್ತೊಮ್ಮೆ ಬಡಿದರು. ಟಪ್. ಬೆರಳಿನಿಂದ ಮಣ್ಣು ಒರೆಸಿದಾಗ ನಡುವಿನ ಚೌಕ ತೂತಿನ ಮೂಲೆಯಿಂದ ಕೂದಲೆಳೆಯಷ್ಟು ಬಿರುಕು ಹೊರಟಿದ್ದು ಕಂಡಿತು. "ಇದರ ನಟ್ ಯಾವಾಗೋ ಸಡ್ಲ ಆಗಿತ್ತು. ಸಡ್ಲ ಇಟಗೊಂಡ ಹೊಡದಾರ" ಅಂದರು. ಸಾಲಿನ ಎಲ್ಲ ಪ್ಲೇಟುಗಳನ್ನೂ ಒಂದೇ ಚೌಕ ಸರಳು ಪೋಣಿಸಿ ಹಿಡಿದಿರುತ್ತದೆ. ತುದಿಯ ನಟ್ ಸಡಿಲಾದರೆ ಪ್ಲೇಟು ಸರಳಿನ ಮೇಲೆ ಅಲುಗುತ್ತದೆ, ತೂತು ದೊಡ್ಡದಾಗುತ್ತದೆ, ಮೂಲೆ ಬಿರಿಯುತ್ತದೆ. ನಾಲ್ಕು ಕಡೆ ಬೇರಿಂಗ್ ಅಲುಗಿಸಿ ನೋಡಿದರು, ಒಂದರಲ್ಲಿ ಆಟ ಇತ್ತು. ಕೊನೆಗೆ ಚೌಕಟ್ಟಿನ ಒಂದು ಮೂಲೆಯಲ್ಲಿ ಬಣ್ಣ ಉಳಿದ ಕಡೆಗಿಂತ ಹೊಳೆಯುತ್ತಿದ್ದುದನ್ನು ಮಂಜುಗಣ್ಣಿನ ಕಾಕಾನೇ ಮೊದಲು ಕಂಡರು. ಕೀಲಿಕೈಯಿಂದ ಕೆರೆದರೆ ಕೆಳಗೆ ವೆಲ್ಡಿಂಗ್ ಮೇಲೆ ವೆಲ್ಡಿಂಗ್.

"ಅಕ್ಕಾರ, ಅದು ಸುಮ್ನ ಬಣ್ಣ ಹಚ್ಚೇವ್ರಿ, ಜಂಗ್ ಹಿಡೀಬಾರದಂತ" ಅಂದ ಮಾರುವವ. ಜಂಗು ಪಾಪ, ಆ ಒಂದೇ ಮೂಲೆಗೆ ಬರುತ್ತಿತ್ತು ಅಂತ ಕಾಣುತ್ತದೆ.

34 ಸಾವಿರಕ್ಕೆ ಮಾತು ಮುಗಿಯಿತು. ಪಿಕಪ್‌ನಲ್ಲಿ ಹೇರಿಕೊಂಡು ಬಂದೆವು. ಇಷ್ಟೆಲ್ಲ ನೋಡಿದ ನಾವು ಮೂವರೂ ಒಂದನ್ನು ಮಾತ್ರ ಕೇಳಲಿಲ್ಲ: ಇದರ ತೂಕ ಎಷ್ಟು?

ಮೇ ಮೊದಲ ವಾರ ಒಂದು ಅಡ್ಡಮಳೆ ಬಿತ್ತು. ನಾನೂ ರಜೆಗೆ ಊರಿಗೆ ಬಂದಿದ್ದೆ. ಮೂರನೇ ದಿನ ತಮ್ಮ ಒಂದು ಹಿಡಿ ಮಣ್ಣು ತಗೊಂಡು ಹಿಸುಕಿದ. ಉಂಡೆ ಆಯಿತು. ಬೆರಳಿನಿಂದ ತಟ್ಟಿದರೆ ಉದುರಿತು. ಹದ ಅಂದರೆ ಅದು. ನಮ್ಮ ಎರಿ ಮಣ್ಣಿಗೆ ನಡುವಿನ ದಾರಿ ಕಡಿಮೆ. ಹಸಿ ಇದ್ದರೆ ಬೆಣ್ಣೆಯ ಹಾಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕೊಡದಷ್ಟು ದೊಡ್ಡ ಹೆಂಟೆಯಾಗಿ ಏಳುತ್ತದೆ. ಎರಡರ ನಡುವೆ ಸಿಗುವುದು ನಾಲ್ಕೈದು ದಿನ. ಅದೇ ಹೊಲ, ಅದೇ ಹ್ಯಾರೋ, ಆದರೆ ಹದದ ದಿನ ಎಳೆಯುವ ಭಾರವೇ ಬೇರೆ, ಹತ್ತು ದಿನ ಬಿಟ್ಟರೆ ಎಳೆಯುವ ಭಾರವೇ ಬೇರೆ. 'ಇಷ್ಟು ಎಚ್‌ಪಿಗೆ ಇಷ್ಟು ಪ್ಲೇಟು' ಅನ್ನುವ ಪಟ್ಟಿಯಲ್ಲಿ ಈ ದಿನದ ಲೆಕ್ಕ ಎಲ್ಲಿರುತ್ತದೆ?

ಮನೆಯಿಂದ ಹೊಲಕ್ಕೆ ಹೋಗುವಾಗಲೇ ಸುಳಿವು ಸಿಕ್ಕಿತು. ಹ್ಯಾರೋ ಎತ್ತಿಕೊಂಡು ಬದು ಹತ್ತುವಾಗ ಟ್ರ್ಯಾಕ್ಟರಿನ ಮೂಗು ಮೇಲೆದ್ದಿತು. ಒಂದು ಕ್ಷಣ ಮುಂದಿನ ಎರಡೂ ಗಾಲಿ ಗಾಳಿಯಲ್ಲಿ. ತಮ್ಮ ಸ್ಟೇರಿಂಗ್ ಬಲಕ್ಕೆ ತಿರುವುತ್ತಿದ್ದಾನೆ, ಗಾಡಿ ನೆಟ್ಟಗೆ ಬಾವಿಯ ಕಡೆಗೇ ಹೋಗುತ್ತಿದೆ. ಬ್ರೇಕ್ ಒತ್ತಿ ಹ್ಯಾರೋ ದಪ್ಪನೆ ಇಳಿಸಿದ. ಬಾವಿ ಇನ್ನೂ ಹತ್ತು ಮಾರು ದೂರ ಇತ್ತು, ಆದರೂ ನನ್ನ ಕಾಲು ಸಂಜೆಯವರೆಗೂ ನಡುಗುತ್ತಿತ್ತು.

ಹೊಲದಲ್ಲಿ ಇನ್ನೊಂದು ಆಟ. ಹ್ಯಾರೋ ನೆಲಕ್ಕೆ ಕಚ್ಚಿತು. ಎಂಜಿನ್ ಸದ್ದು ಹಾಗೇ ಇತ್ತು, ಕುಗ್ಗಲೇ ಇಲ್ಲ. ಆದರೆ ಹಿಂದಿನ ಗಾಲಿಗಳು ನಿಂತಲ್ಲೇ ಮಣ್ಣು ಕೆರೆಯುತ್ತಿದ್ದವು. ತಮ್ಮ ಇಳಿದು ಬಂದು ತಲೆ ಕೆರೆದುಕೊಂಡ.

"ಎಂಜಿನ್ ದಮ್ ಐತಿ ಅಕ್ಕಾ. ಆದ್ರ ಗಾಡಿ ಮುಂದ ಹೋಗವಲ್ದು."

ಇಡೀ ಸಮಸ್ಯೆ ಆ ಎರಡು ಮಾತಿನಲ್ಲೇ ಇತ್ತು.

ನಮ್ಮ ಗಾಡಿ 42 ಎಚ್‌ಪಿ, ಎರಡನೇ ಕೈಯದು. ಎಚ್‌ಪಿ ಅಂದರೆ ಏನು ಅಂತ ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಜೇಮ್ಸ್ ವಾಟ್ ತನ್ನ ಉಗಿ ಎಂಜಿನ್ನಿನ ಕಸುವನ್ನು ಕುದುರೆಗೆ ಹೋಲಿಸಿ ಹೇಳಿದ, ಆ ಅಳತೆ ಹಾಗೇ ಉಳಿಯಿತು. ಮೆಟ್ರಿಕ್ ಲೆಕ್ಕದಲ್ಲಿ 75 ಕೆಜಿ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆತ್ತಿದರೆ ಒಂದು ಎಚ್‌ಪಿ. ಹೊಲಕ್ಕೆ ತಂದು ಹೇಳುವುದಾದರೆ, ಎಳೆತದ ಕೆಜಿಯನ್ನು ಸೆಕೆಂಡಿಗೆ ಎಷ್ಟು ಮೀಟರ್ ಹೋಗುತ್ತೀರಿ ಅನ್ನುವುದರಿಂದ ಗುಣಿಸಿ 75ರಿಂದ ಭಾಗಿಸಬೇಕು.

ಅವತ್ತು ರಾತ್ರಿ ಪಡಸಾಲೆಯಲ್ಲಿ ಕೂತು ಇದನ್ನೇ ಮಾಡಿದೆ. 16 ಪ್ಲೇಟು, ಅಗಲ ಒಂದೂಮುಕ್ಕಾಲು ಮೀಟರ್ ಚಿಲ್ಲರೆ. ನಮ್ಮ ಮಣ್ಣಿನಲ್ಲಿ ಐದು ಇಂಚು ಆಳಕ್ಕೆ ಹೋದರೆ ಎಳೆತ ಸಾವಿರ ಕೆಜಿ ದಾಟುತ್ತದೆ ಅಂತ ನನ್ನ ಅಂದಾಜು. ಗಂಟೆಗೆ 5 ಕಿ.ಮೀ. ಅಂದರೆ ಸೆಕೆಂಡಿಗೆ 1.4 ಮೀಟರ್. ಗುಣಿಸಿ ಭಾಗಿಸಿದರೆ 20 ಎಚ್‌ಪಿ ಆಸುಪಾಸು.

"ಬರೇ ಇಪ್ಪತ್ತ? ಮತ್ತ ನಮ್ಮದು ನಲವತ್ತೆರಡ ಐತೆಲ್ಲ!" ಅಂದ ತಮ್ಮ.

42 ಇರುವುದು ಎಂಜಿನ್ನಿನ ಹತ್ತಿರ. ಗೇರುಗಳು ತಮ್ಮ ಪಾಲು ತಗೊಳ್ಳುತ್ತವೆ. ಮೆತ್ತನೆ ಮಣ್ಣಿನಲ್ಲಿ ತನ್ನನ್ನೇ ತಾನು ಮುಂದಕ್ಕೆ ಹೊತ್ತುಕೊಂಡು ಹೋಗಲು ಗಾಡಿಗೆ ಒಂದಿಷ್ಟು ಬೇಕು. ಗಾಲಿ ಜಾರಿದರೆ ಅದೂ ಹೋಯಿತು. ಕೆದಕಿದ ಹೊಲದಲ್ಲಿ ಹಿಂದಿನ ಕೊಕ್ಕೆಗೆ ಸಿಗುವುದು ಹೆಚ್ಚು ಕಡಿಮೆ ಅರ್ಧ, 21 ಅಂತ ಇಟ್ಟುಕೊಳ್ಳಿ. ಅದರಲ್ಲೂ ಗಟ್ಟಿ ಜಾಗ ಬಂದರೆ ಇರಲಿ ಅಂತ ಸ್ವಲ್ಪ ಕೈಯಲ್ಲಿ ಉಳಿಸಿಕೊಳ್ಳಬೇಕು. ಹಾಗಾಗಿ 20 ಅಂದರೆ ಕುತ್ತಿಗೆಗೆ ಬಂತು.

ಆದರೂ ನಮ್ಮ ಎಂಜಿನ್ ಉಸಿರುಗಟ್ಟಿರಲಿಲ್ಲವಲ್ಲ. ಅದಕ್ಕಿಂತ ಮುಂಚೆಯೇ ಗಾಲಿ ಕೈಬಿಟ್ಟಿತ್ತು. ಎರಡು ಸಾವಿರ ಕೆಜಿ ಕೂಡ ತೂಗದ ಗಾಡಿ ಸಾವಿರ ಕೆಜಿಯ ಎಳೆತಕ್ಕೆ ನೆಲದಲ್ಲಿ ಹಿಡಿತ ಎಲ್ಲಿಂದ ತರಬೇಕು?

ಇಷ್ಟು ಹೊತ್ತೂ ಸುಮ್ಮನೆ ಕೂತು ಕೇಳುತ್ತಿದ್ದ ಅವ್ವ ಆಗ ಬಾಯಿ ಹಾಕಿದಳು. "ನಿಮ್ಮಪ್ಪ ಎತ್ತ ತರೂಮುಂದ ಮೊದಲ ಗೊರಸು ನೋಡತಿದ್ದ."

ಹೌದು. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಅಪ್ಪ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಎಲ್ಲರೂ ಖಿಲಾರಿ ಎತ್ತಿನ ಕೊಂಬು ನೋಡುತ್ತಿದ್ದರೆ, ಹಲ್ಲು ಎಣಿಸುತ್ತಿದ್ದರೆ, ಅಪ್ಪ ಕೂತು ಕಾಲು ಎತ್ತಿಸಿ ಗೊರಸು ಒತ್ತಿ ನೋಡುತ್ತಿದ್ದ. ಎದೆ ಎಷ್ಟು ಅಗಲ ಇದ್ದರೂ ಗೊರಸು ಮೆತ್ತಗಿದ್ದರೆ ಎರಿ ಹೊಲದಲ್ಲಿ ಅದು ನಿಲ್ಲುವುದಿಲ್ಲ ಅನ್ನುತ್ತಿದ್ದ. ನಮಗೆ ಎಚ್‌ಪಿ ಅಂದರೆ ಎದೆ. ಗೊರಸನ್ನು ನಾವು ನೋಡಿರಲೇ ಇಲ್ಲ.

ಜೋಡಿಸುವ ವಿದ್ಯೆ ನಮ್ಮಲ್ಲಿ ಮೊದಲಿನಿಂದ ಇತ್ತು ಅಂತ ನನಗೆ ಆಮೇಲೆ ಅನ್ನಿಸಿತು. ಕುಂಟೆಗೆ, ಕೂರಿಗೆಗೆ ಒಂದು ಜೋಡಿ. ಕಬ್ಬಿಣದ ದೊಡ್ಡ ರಂಟೆ, ಅಂದರೆ ನೇಗಿಲು, ಹೂಡಬೇಕಾದರೆ ನಾಲ್ಕು ಜೋಡಿ, ಕರಿಕೆ ಹುಲ್ಲು ಹೆಚ್ಚಿದ್ದರೆ ಅದಕ್ಕೂ ಜಾಸ್ತಿ. ಅಷ್ಟು ಎತ್ತು ಯಾರ ಮನೆಯಲ್ಲೂ ಇರುತ್ತಿರಲಿಲ್ಲ, ಓಣಿಯವರು ಮುಯ್ಯಿಗೆ ಬರುತ್ತಿದ್ದರು. ಆ ಕಬ್ಬಿಣದ ರಂಟೆಗೂ ನಮ್ಮ ಸೀಮೆಗೂ ಒಂದು ನಂಟಿದೆ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಶುರುವಿನಲ್ಲಿ ಕೊಳ್ಳುವವರೇ ಇರಲಿಲ್ಲವಂತೆ, ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅನ್ನುವ ಭಯ. 1910ರಲ್ಲಿ ಕಾರ್ಖಾನೆ ಈಗಿನ ಮಹಾರಾಷ್ಟ್ರದ ಔಂಧ್ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಆಯಿತು. ನಮ್ಮ ಅಟ್ಟದ ಕೆಳಗೆ ಈಗಲೂ ಒಂದು ಕಬ್ಬಿಣದ ರಂಟೆ ಜಂಗು ತಿನ್ನುತ್ತ ಬಿದ್ದಿದೆ. ಅಪ್ಪ ಅದಕ್ಕೆ ಒಂದು ಜೋಡಿ ಹೂಡಿ, ಯಾಕೆ ಎಳೆಯುತ್ತಿಲ್ಲ ಅಂತ ಎತ್ತಿಗೆ ಬೈದವನಲ್ಲ.

ಮರುದಿನ ತೂಕ ಮಾಡಿಸಲು ಹೊರಟೆವು. ಊರಿನ ಹೊರಗೆ ತೊಗರಿ, ಹತ್ತಿ ಲಾರಿ ತೂಗುವ ವೇಬ್ರಿಜ್ ಇದೆ. ಬೇಸಿಗೆಯಲ್ಲಿ ಅದಕ್ಕೆ ಕೆಲಸ ಇರುವುದಿಲ್ಲ. ಮೊದಲು ಬರೀ ಗಾಡಿ, ತಮ್ಮ ಮೇಲೆ ಕೂತ ಹಾಗೆ: 1,960 ಕೆಜಿ. ಆಮೇಲೆ ಮುಂದಿನ ಗಾಲಿ ಎರಡನ್ನೇ ಹಲಗೆಯ ಮೇಲೆ ಏರಿಸಿದೆವು: 750. ತೂಗುವ ಹುಡುಗ ಕನ್ನಡಕ ಮೇಲೇರಿಸಿ ನೋಡಿದ. "ಅಕ್ಕಾರ, ಅರ್ಧಾ ಗಾಡಿ ತೂಗಸ್ತೀರೇನ್ರಿ?" ಅವನಿಗೆ ರಸೀದಿಯಲ್ಲಿ ಏನು ಬರೆಯಬೇಕೋ ತಿಳಿಯಲಿಲ್ಲ. ಈಗ ಹ್ಯಾರೋ ಎತ್ತಿಕೊಂಡು ಒಟ್ಟು ತೂಕ: 2,480. ಅಂದರೆ ಹ್ಯಾರೋ 520 ಕೆಜಿ. ಹ್ಯಾರೋ ಎತ್ತಿದ ಹಾಗೇ ಮುಂದಿನ ಗಾಲಿ ಮಾತ್ರ: 340.

340! ಹಿಂದೆ 520 ಕೆಜಿ ತೂಗಿ ಬಿದ್ದರೆ ಮುಂದೆ 410 ಕೆಜಿ ಮಾಯವಾಗುತ್ತದೆ. ಹಿಂದಿನ ಅಚ್ಚು ನಡುವಿನ ಕಂಬ, ಟ್ರ್ಯಾಕ್ಟರ್ ತಕ್ಕಡಿ. ಸನ್ನೆಕೋಲಿನ ಪಾಠ ಹದಿನೈದು ವರ್ಷದಿಂದ ಮಾಡುತ್ತಿದ್ದೇನೆ, ಬೋರ್ಡಿನ ಮೇಲೆ. ಹ್ಯಾರೋ ಎತ್ತುವ ಗಾಡಿಯ ಹಿಂದಿನ ಲಿಫ್ಟ್ ಒಂದೂವರೆ ಸಾವಿರ ಕೆಜಿ ಎತ್ತುತ್ತದೆ ಅಂತ ತಮ್ಮ ಹೆಮ್ಮೆಯಿಂದ ಹೇಳುತ್ತಿದ್ದ. ಎತ್ತುತ್ತದೆ, ಸುಳ್ಳಲ್ಲ. ಎತ್ತಿದ ಮೇಲೆ ಗಾಡಿ ನೆಲದ ಮೇಲೆ ಇರುತ್ತದೆಯಾ ಅನ್ನುವುದು ಲಿಫ್ಟಿನ ಚಿಂತೆ ಅಲ್ಲ. ಒಟ್ಟು ತೂಕದಲ್ಲಿ ಐದರಲ್ಲೊಂದು ಪಾಲಾದರೂ ಮುಂದಿನ ಗಾಲಿಯ ಮೇಲೆ ಇರಬೇಕು, ಇಲ್ಲದಿದ್ದರೆ ಸ್ಟೇರಿಂಗ್ ಕೈಗೆ ಸಿಗುವುದಿಲ್ಲ ಅಂತ ಲೆಕ್ಕ. ನಮ್ಮದು ಏಳರಲ್ಲೊಂದು. ಬಾವಿ ತಪ್ಪಿದ್ದು ಪುಣ್ಯ.

ಇನ್ನು ಗಾಲಿ ಜಾರುವುದನ್ನು ಅಳೆಯಬೇಕಿತ್ತು. ಇದಕ್ಕೆ ನನ್ನ ಚೀಲದಲ್ಲಿದ್ದ ಸೀಮೆಸುಣ್ಣ ಸಾಕಾಯಿತು. ಹಿಂದಿನ ಟೈರಿನ ಪಕ್ಕೆಗೆ ಒಂದು ಗೆರೆ ಎಳೆದೆ. ಹ್ಯಾರೋ ಎತ್ತಿಕೊಂಡು ಹೊಲದಲ್ಲಿ ನೆಟ್ಟಗೆ ಹೋಗು ಅಂದೆ. ಗೆರೆ ಹತ್ತು ಸಲ ಕೆಳಗೆ ಬರುವಷ್ಟರಲ್ಲಿ ಗಾಡಿ 39 ಮೀಟರ್ ಹೋಗಿತ್ತು. ಹ್ಯಾರೋ ಇಳಿಸಿ ಅದೇ ಗೇರಿನಲ್ಲಿ ಮತ್ತೆ ಹತ್ತು ಸುತ್ತು: 29 ಮೀಟರ್. ಹತ್ತು ಮೀಟರಿನ ಓಟ, ಅದರ ಡೀಸೆಲ್, ಅದರ ಟೈರು, ಮಣ್ಣಿನಲ್ಲೇ ಹೋಯಿತು. ನೂರಕ್ಕೆ 25ರ ಮೇಲೆ. ಹೊಲದಲ್ಲಿ ಹತ್ತರಿಂದ ಹದಿನೈದು ಜಾರಿದರೆ ಸರಿ, ಅಷ್ಟು ಬೇಕು ಕೂಡ, ಒಂಚೂರೂ ಜಾರದ ಗಾಡಿ ಅಂದರೆ ಸುಮ್ಮನೆ ಭಾರ ಹೊತ್ತಿರುವ ಗಾಡಿ. 25 ಅಂದರೆ ನಾಲ್ಕು ಡಬ್ಬಿ ಡೀಸೆಲ್‌ನಲ್ಲಿ ಒಂದನ್ನು ಬದುವಿಗೆ ಸುರಿದ ಹಾಗೆ.

ಪರಿಹಾರ ಹೇಳುವವರಿಗೆ ಬರ ಇರಲಿಲ್ಲ. ಟೈರಿನೊಳಗೆ ನೀರು ತುಂಬಿಸು ಅಂದರು ಒಬ್ಬರು. ನಮ್ಮ ಅಳತೆಯ ಟೈರಿಗೆ ಒಂದೊಂದಕ್ಕೆ ಸುಮಾರು 200 ಲೀಟರ್ ಹಿಡಿಯುತ್ತದೆ, ಹಿಡಿತ ಖಂಡಿತ ಜಾಸ್ತಿಯಾಗುತ್ತದೆ. ಆದರೆ ಆ 400 ಕೆಜಿಯನ್ನು ಬಿತ್ತುವಾಗ, ಎಡೆ ಹೊಡೆಯುವಾಗ, ಸಂತೆಗೆ ಹೋಗುವಾಗಲೂ ಹೊತ್ತುಕೊಂಡೇ ಓಡಾಡಬೇಕು. ಅದೂ ಹಸಿ ಎರಿಯ ಮೇಲೆ. ತುಳಿದ ಎರಿ ಮಣ್ಣು ಒಳಗೆ ಹೆಪ್ಪುಗಟ್ಟಿ ಕೂತರೆ ಜೋಳದ ಬೇರು ಇಳಿಯುವುದಿಲ್ಲ. ನನಗೆ ಅದು ಒಪ್ಪಿಗೆ ಆಗಲಿಲ್ಲ. ಹ್ಯಾರೋ ಸಾಲುಗಳ ಓರೆ ಕೋನ ಕಡಿಮೆ ಮಾಡಿ ಮೇಲೆ ಮೇಲೆ ಹೊಡಿ ಅಂದರು ಇನ್ನೊಬ್ಬರು. ಹಾಗೆ ಮಾಡುವುದಾದರೆ ಹಳೆಯ ಕುಂಟೆ ಏನು ಪಾಪ ಮಾಡಿತ್ತು? ತಮ್ಮನ ಮನಸ್ಸಿನಲ್ಲಿ ಇದ್ದದ್ದು 55 ಎಚ್‌ಪಿ ಗಾಡಿ. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಮೊಬೈಲಿನಲ್ಲಿ ಫೋಟೋ ನೋಡುತ್ತಿದ್ದುದನ್ನು ನಾನು ಕಂಡೆ. 34 ಸಾವಿರದ ಹ್ಯಾರೋಗೆ ತಕ್ಕ ಹಾಗೆ ಹತ್ತು ಲಕ್ಷದ ಸಾಲ!

ಕಾಕಾ ಮಾತ್ರ ಚಹಾ ಕುಡಿದು ಲೋಟ ಕೆಳಗಿಟ್ಟು ಅಂದರು: "ಎರಡ ಪ್ಲೇಟ್ ಬಿಚ್ಚೂಣ ತಗಿ."

ಪ್ಲೇಟು ಬಿಚ್ಚಿದರೆ ಹ್ಯಾರೋ ಹಗುರಾಗಿ ನೆಲ ಕಚ್ಚುವುದಿಲ್ಲ ಅಂತ ತಮ್ಮ ವಾದಿಸಿದ. ಕೇಳಲು ಸರಿಯೇ ಅನ್ನಿಸುತ್ತದೆ. ಆದರೆ ಹ್ಯಾರೋ ನೆಲಕ್ಕೆ ಇಳಿಯುವುದು ಒಟ್ಟು ತೂಕದಿಂದಲ್ಲ, ಒಂದೊಂದು ಪ್ಲೇಟಿನ ಮೇಲೆ ಬೀಳುವ ಪಾಲಿನಿಂದ. 520 ಕೆಜಿಯನ್ನು 16ಕ್ಕೆ ಹಂಚಿದರೆ ಒಂದಕ್ಕೆ 32.5. ಎರಡು ಪ್ಲೇಟು, ಅವುಗಳ ನಡುವಿನ ಬೀಡಿನ ಉರುಳೆ ಎಲ್ಲ ಸೇರಿ 30 ಕೆಜಿ ಹೋಯಿತು ಅನ್ನಿ. ಉಳಿದ 490ನ್ನು 14ಕ್ಕೆ ಹಂಚಿದರೆ 35. ಚೌಕಟ್ಟಿನ ಭಾರ ಹಾಗೇ ಇದೆ, ಹೊರುವವರು ಕಡಿಮೆಯಾದರು. ಕಚ್ಚುವುದು ಜಾಸ್ತಿಯೇ ಆಗುತ್ತದೆ, ಅಗಲ ಕಡಿಮೆಯಾದ್ದರಿಂದ ಎಳೆತ ಇಳಿಯುತ್ತದೆ. ನಾಲ್ಕಿಂಚು ಆಳಕ್ಕೆ ನಿಲ್ಲಿಸಿಕೊಂಡರೆ 700 ಕೆಜಿ ಆಸುಪಾಸು, ಅಂದರೆ 13 ಎಚ್‌ಪಿ. ಕಾಕಾಗೆ ಈ ಭಾಗಾಕಾರ ತೋರಿಸಿದೆ. "ಹೌದೇನು?" ಅಂದರು, ಪಾನಾ ಹುಡುಕುತ್ತ.

ಇನ್ನೂ ಎರಡು ಬಿಚ್ಚಿ 12 ಮಾಡಬಹುದಿತ್ತು, ಗಾಡಿ ಹಾಡುತ್ತ ಎಳೆಯುತ್ತಿತ್ತು. ಆದರೆ ಆಗ ಹ್ಯಾರೋ ಅಗಲ ಗಾಡಿಯ ಗಾಲಿಗಳ ಅಗಲಕ್ಕಿಂತ ತೀರ ಕಡಿಮೆ. ಗಾಲಿ ತುಳಿದ ಗೆರೆ ಹಾಗೇ ಉಳಿಯುತ್ತದೆ. ಈಗ 14ರಲ್ಲೂ ಒಂದು ಕಡೆ ಅರ್ಧ ಹೆಜ್ಜೆ ಉಳಿಯುತ್ತದೆ, ಮುಂದಿನ ಸಾಲು ಹೊಡೆಯುವಾಗ ಅದರ ಮೇಲೆ ಹಾಯಿಸಿಕೊಂಡು ಬರಬೇಕು.

ಬಿಚ್ಚುವ ಕೆಲಸಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ತುದಿಯ ನಟ್ ಮೂರು ಜನ ಕೂತರೂ ಅಲುಗಲಿಲ್ಲ. ಪಾನಾಕ್ಕೆ ನಾಲ್ಕು ಅಡಿ ಪೈಪು ಸಿಕ್ಕಿಸಿ ಜಗ್ಗಿದ ಮೇಲೆ ಕಿರ್ ಅಂತು. ಹಿಂದಿನ ಸಾಲಿನ ಹೊರತುದಿಯಿಂದ ಒಂದು ಪ್ಲೇಟು ತೆಗೆದರು. ಮುಂದಿನ ಸಾಲಿನಲ್ಲಿ ಕಾಕಾ ಬುದ್ಧಿ ಉಪಯೋಗಿಸಿದರು. ಹೊರತುದಿಯ ಒಳ್ಳೆಯ ಪ್ಲೇಟನ್ನು ನಡುವೆ ಟಪ್ ಅಂದಿದ್ದ ಒಡಕಿನ ಜಾಗಕ್ಕೆ ಹಾಕಿ, ಒಡಕನ್ನು ಹೊರಗೆ ಎಸೆದರು. ಖಾಲಿಯಾದ ಜಾಗಕ್ಕೆ ಅಷ್ಟೇ ಉದ್ದದ ದಪ್ಪ ಪೈಪಿನ ತುಂಡು ಕೂರಿಸಿ ಮತ್ತೆ ನಟ್ ಬಿಗಿದರು. ಆಟ ಇದ್ದ ಬೇರಿಂಗ್ ಬದಲಾಯಿತು. ಮೂಲೆಯ ವೆಲ್ಡಿಂಗ್ ಕೆರೆದು, ಮೇಲೊಂದು ಪಟ್ಟಿ ಇಟ್ಟು ಹೊಸದಾಗಿ ಬೆಸೆದರು. ಗಾಡಿಯ ಮೂಗಿಗೆ 20 ಕೆಜಿಯ ಆರು ತೂಕ, ಗುಜರಿಯಿಂದ ತಂದವು.

ಮತ್ತೆ ವೇಬ್ರಿಜ್. ಹುಡುಗ ನಮ್ಮನ್ನು ಕಂಡು ನಕ್ಕ. ಒಟ್ಟು 2,570, ಮುಂದೆ 520. ಐದರಲ್ಲೊಂದು ಪಾಲು, ಕೂದಲೆಳೆಯಷ್ಟು ಮೇಲೆ. ಮತ್ತೆ ಸೀಮೆಸುಣ್ಣ. ಹ್ಯಾರೋ ಇಳಿಸಿ ಹತ್ತು ಸುತ್ತಿಗೆ 34 ಮೀಟರ್. ನೂರಕ್ಕೆ 13.

ಎಲ್ಲ ಒಮ್ಮೆಗೇ ಸರಿಹೋಯಿತು ಅಂದುಕೊಳ್ಳಬೇಡಿ. ಮೊದಲ ಎರಡು ಸಾಲಿಗೇ ಸ್ಟೇರಿಂಗ್ ಎಡಕ್ಕೆ ಜಗ್ಗುತ್ತಿದೆ ಅಂದ ತಮ್ಮ. ಮುಂದಿನ ಸಾಲಿನ ಪ್ಲೇಟು ಹೆಚ್ಚು ಆಳಕ್ಕೆ, ಹಿಂದಿನವು ಮೇಲೆ ಮೇಲೆ ಹೋಗುತ್ತಿದ್ದವು. ಒಬ್ಬನು ಜೋರಾಗಿ ಒಂದು ಕಡೆ, ಇನ್ನೊಬ್ಬನು ಮೆಲ್ಲಗೆ ಮತ್ತೊಂದು ಕಡೆ ತಳ್ಳಿದರೆ ಗಾಡಿ ಸೊಟ್ಟ ಹೋಗದೆ ಏನು ಮಾಡುತ್ತದೆ? ಹ್ಯಾರೋವನ್ನು ಮೇಲಿನಿಂದ ಗಾಡಿಗೆ ಹಿಡಿದಿರುವ ಸರಳು, ಟಾಪ್ ಲಿಂಕ್, ಅದನ್ನು ಎರಡು ಸುತ್ತು ಉದ್ದ ಮಾಡಿ ಎರಡೂ ಸಾಲನ್ನು ಸಮ ತಂದ ಮೇಲೆ ಜಗ್ಗುವುದು ನಿಂತಿತು. ಗಂಟೆಗೆ ಒಂದೂಕಾಲು ಎಕರೆ ಬಂತು. 16 ಪ್ಲೇಟಿದ್ದಾಗ ಜಾರಿ ಜಾರಿ ಒಂದು ಎಕರೆ ಕೂಡ ಮುಗಿದಿರಲಿಲ್ಲ.

ಒಂದು ಕಡೆ ಮಾತ್ರ ನಾನು ಹಟ ಹಿಡಿದೆ. ಬಾವಿಯ ಪಕ್ಕದ ಎರಡು ಎಕರೆಯಲ್ಲಿ ಕರಿಕೆ ಇದೆ. ಅಲ್ಲಿಗೆ ಹ್ಯಾರೋ ಬೇಡ ಅಂದೆ. ಕರಿಕೆಯ ಬೇರನ್ನು ಪ್ಲೇಟು ತುಂಡು ತುಂಡು ಮಾಡಿ ಹೊಲದ ತುಂಬ ಎಸೆಯುತ್ತದೆ, ಒಂದೊಂದು ತುಂಡೂ ಒಂದೊಂದು ಗಿಡ. ಹ್ಯಾರೋ ಬಂದ ಹುರುಪಿನಲ್ಲಿ ಎಷ್ಟೋ ಜನ ಕರಿಕೆಯನ್ನು ತಾವೇ ಬಿತ್ತಿಕೊಂಡಿದ್ದಾರೆ. ಆ ಎರಡು ಎಕರೆಗೆ ಬೇಸಿಗೆಯ ಬಿಸಿಲಲ್ಲಿ ಮಣ್ಣು ಮಗುಚುವ ಪಲ್ಟಿ ನೇಗಿಲನ್ನು ಆಳವಾಗಿ ಹೊಡೆಸಿ ಬೇರು ಒಣಗಿಸುವುದೇ ಸರಿ. ತಮ್ಮ ಗೊಣಗಿದ, ಆದರೆ ಬಿಟ್ಟ.

ಬಿಚ್ಚಿದ ಎರಡು ಪ್ಲೇಟುಗಳಲ್ಲಿ ಒಳ್ಳೆಯದನ್ನು ನಾನು ವಿಜಯಪುರಕ್ಕೆ ತಂದೆ. ನಮ್ಮ ಶಾಲೆಯಲ್ಲಿ ಕರೆಂಟು ಹೋದರೆ ಬೆಲ್ಲು ಹೊಡೆಯುವುದಿಲ್ಲ, ಪೀರಿಯಡ್ ಮುಗಿದದ್ದು ಯಾರಿಗೂ ತಿಳಿಯುವುದಿಲ್ಲ. ಈಗ ವರಾಂಡದಲ್ಲಿ ಆ ಪ್ಲೇಟು ತೂಗುಹಾಕಿದ್ದೇವೆ. ಟಣ್ ಅನ್ನುತ್ತದೆ, ಗೇಟಿನವರೆಗೂ ಕೇಳುತ್ತದೆ. ಒಡಕಿನದು ಊರಲ್ಲೇ ದನದ ಕೊಟ್ಟಿಗೆ ಮುಂದೆ ಬಿದ್ದಿದೆ. ಬಟ್ಟಲಿನ ಹಾಗೆ ತಗ್ಗಾಗಿದೆಯಲ್ಲ, ಕೋಳಿಗೆ ನೀರಿಡಲು ಬರುತ್ತದೆ ಅಂತ ಅವ್ವ ಎತ್ತಿಟ್ಟಿದ್ದಳು. ಒಂದು ಕೊಡ ನೀರು ಸುರಿದ ಮೇಲೆ ನಡುವಿನ ಚೌಕ ತೂತು ನೆನಪಾಯಿತು.

"ಮೂವತ್ನಾಲ್ಕ ಸಾವಿರ ಕೊಟ್ಟೀರಿ" ಅಂದಳು, "ತೂತಿಲ್ಲದ್ದು ನೋಡಿ ತರಬಾರದಾ?"